ಸಿಕಂದರಾಬಾದಿನ ಗಡಿಯಾರ ಗೋಪುರ

ಕಾವ್ಯಕ್ಕೆ ವಿಮರ್ಶಕರಿದ್ದಾರೆ, ನಾಟಕಕ್ಕೆ ಇದ್ದಾರೆ, ಸಂಗೀತಕ್ಕೂ ಇದ್ದಾರೆ. ಬೀದಿಯಲ್ಲಿ ನಿಂತ ಕಟ್ಟಡವನ್ನು ಕೃತಿಯೆಂದು ಭಾವಿಸಿ ಅದರ ಗುಣದೋಷಗಳನ್ನು ಎಣಿಸುವವರು ನಮ್ಮಲ್ಲಿ ಬಹಳ ಕಡಿಮೆ. ಇದು ಆಶ್ಚರ್ಯದ ಸಂಗತಿ. ಹಿಡಿಸದ ಪುಸ್ತಕವನ್ನು ಮುಚ್ಚಿಡಬಹುದು; ಬೇಸರ ತಂದ ನಾಟಕದಿಂದ ನಡುವೆಯೇ ಎದ್ದು ಬರಬಹುದು. ಊರ ನಡುವೆ ಎದ್ದ ಕಟ್ಟಡವನ್ನು ಮಾತ್ರ ದಿನಕ್ಕೆ ಎರಡು ಬಾರಿ, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ, ನೋಡದೆ ಗತ್ಯಂತರವಿಲ್ಲ. ಹೀಗೆ ನಮ್ಮ ಮೇಲೆ ಅಷ್ಟು ಅಧಿಕಾರ ನಡೆಸುವ ಕೃತಿಯನ್ನು ಒಮ್ಮೆಯಾದರೂ ನಿಂತು ಪರಿಶೀಲಿಸುವುದು ನ್ಯಾಯವಲ್ಲವೆ?

ನಾನು ಈ ಸಲ ಎತ್ತಿಕೊಂಡಿರುವುದು ಸಿಕಂದರಾಬಾದಿನ ತೋಟದಲ್ಲಿರುವ ಗಡಿಯಾರ ಗೋಪುರವನ್ನು. ಕನ್ನಡ ಪತ್ರಿಕೆಯಲ್ಲಿ ತೆಲಂಗಾಣದ ಗೋಪುರದ ಮಾತೇಕೆ ಎಂದು ಮೈಸೂರಿನವರೋ ಧಾರವಾಡದವರೋ ಕೇಳಿಯಾರು. ರಾಯಚೂರು ಸೀಮೆಯವರು ಕೇಳಲಾರರು. ೧೯೫೬ರ ನವೆಂಬರ್ ೧ರವರೆಗೆ ರಾಯಚೂರು, ದೇವದುರ್ಗ, ಮಾನ್ವಿಗಳೆಲ್ಲ ಹೈದರಾಬಾದ್ ರಾಜ್ಯದ ಊರುಗಳೇ ಆಗಿದ್ದವು. ದೊಡ್ಡ ಕೋರ್ಟಿಗೆ, ಕಾಲೇಜಿಗೆ, ದೊಡ್ಡ ದವಾಖಾನೆಗೆ ನಮಗೆ ಹೈದರಾಬಾದೇ ದಿಕ್ಕು. ದೇವಸುಗೂರಿನ ಬಳಿ ಕೃಷ್ಣೆಯನ್ನು ದಾಟಿ, ಯಾದಗಿರಿಯ ಹತ್ತಿರ ಭೀಮೆಯನ್ನು ದಾಟಿ, ವಾಡಿಯ ಮಾರ್ಗವಾಗಿ ಸಿಕಂದರಾಬಾದು ಸೇರುವುದು ಹಿಂದಿನಿಂದ ಬಂದ ರೂಢಿ. ವಾಡಿಯಿಂದ ಸಿಕಂದರಾಬಾದಿನವರೆಗಿನ ಹಳಿ ೧೮೭೪ರಲ್ಲಿಯೇ ತೆರೆದದ್ದು. ಆ ಊರಿನಲ್ಲಿ ಇಂದಿಗೂ ಕನ್ನಡದ ಮನೆಗಳು ಬೇಕಾದಷ್ಟಿವೆ. ಆದುದರಿಂದ ಈ ಗೋಪುರ ನಮ್ಮ ನೆರೆಯವರದೆಂಬುದು ಎಷ್ಟು ನಿಜವೋ ನಮ್ಮದೂ ಹೌದೆಂಬುದು ಅಷ್ಟೇ ನಿಜ.

ಮೊದಲೇ ನನ್ನ ತೀರ್ಮಾನವನ್ನು ಹೇಳಿಬಿಡುತ್ತೇನೆ. ಅಲಂಕಾರದ ದೃಷ್ಟಿಯಿಂದ ಈ ಗೋಪುರ ಎರಡನೆಯ ದರ್ಜೆಯದು. ಆದರೆ ನಿಂತಿರುವ ರೀತಿಯಲ್ಲಿ ಅದು ಮೊದಲನೆಯ ದರ್ಜೆಯದು. ಅದರ ಶಿಲ್ಪದ ಅರ್ಧ ಗೋಪುರದಲ್ಲಿದೆ, ಉಳಿದರ್ಧ ಸುತ್ತಲಿನ ತೋಟದಲ್ಲಿದೆ. ತೋಟವನ್ನು ಕಳೆದು ಗೋಪುರವನ್ನು ಉಳಿಸುತ್ತೇವೆಂದು ಹೇಳುವವರು ಉಳಿಸುವುದು ಅರ್ಧವನ್ನು ಮಾತ್ರ. ಈ ಮಾತನ್ನು ಸಮರ್ಥಿಸುವುದು ಮುಂದಿನ ಸಾಲುಗಳ ಉದ್ದೇಶ.

ಸಿಕಂದರಾಬಾದು ದಂಡಿನ ಊರು. ಮೂರನೆಯ ನಿಜಾಮ ಸಿಕಂದರ್ ಜಾಹನ ಹೆಸರನ್ನು ಹೊತ್ತು ಅದು ೧೮೦೬ರಲ್ಲಿ ನಾಮಕರಣಗೊಂಡಿತು. ಹುಸೇನ್ ಸಾಗರದ ಆಚೆ ನಿಜಾಮರ ನಗರ, ಈಚೆ ಇಂಗ್ಲಿಷರ ದಂಡು. ಒಂದೇ ಕೆರೆಯ ಎರಡು ದಂಡೆಗಳಲ್ಲಿ ಎರಡು ಆಡಳಿತ, ಎರಡು ನಡೆನುಡಿ. ೧೮೬೦ರಲ್ಲಿ ದಂಡಿನ ಅಧಿಕಾರಿಗಳಿಗೆಂದು ಹತ್ತು ಎಕರೆ ಜಾಗ ಮಂಜೂರಾಯಿತು. ಗೋಪುರ ಅಲ್ಲಿ ಎದ್ದದ್ದು ೧೮೯೬ರಲ್ಲಿ. ಎತ್ತರ ೧೨೦ ಅಡಿ. ೧೮೯೭ರ ಫೆಬ್ರವರಿ ೧ರಂದು ಹೈದರಾಬಾದಿನ ರೆಸಿಡೆಂಟ್ ಸರ್ ಟ್ರೆವರ್ ಜಾನ್ ಚಿಚೆಲಿ ಪ್ಲೌಡನ್ ಅದನ್ನು ಉದ್ಘಾಟಿಸಿದರು. ವಿಕ್ಟೋರಿಯಾ ರಾಣಿ ಪಟ್ಟವೇರಿ ಅರುವತ್ತು ವರ್ಷ ತುಂಬಿದ್ದು ಅದೇ ವರ್ಷ. ಇಷ್ಟನ್ನು ಕೇಳಿದರೆ ಇದು ಪೂರ್ಣವಾಗಿ ಸಾಮ್ರಾಜ್ಯದ ಕಟ್ಟಡವೆಂದು ತೋರುತ್ತದೆ. ಆದರೆ ಗೋಪುರದೊಳಗಿನ ಗಡಿಯಾರವನ್ನು ದಾನ ಕೊಟ್ಟವರು ಅಲ್ಲಿನ ವ್ಯಾಪಾರಿ ದಿವಾನ್ ಬಹಾದ್ದೂರ್ ಶೇಠ್ ಲಕ್ಷ್ಮೀನಾರಾಯಣ ರಾಮಗೋಪಾಲರು. ಮೈ ದಂಡಿನದು, ಜೀವ ಪೇಟೆಯದು ಎಂದು ಹೇಳಿದರೆ ತಪ್ಪಾಗಲಾರದು. ದೊರೆತನದ ಮರ್ಜಿಗಾಗಿ ಕೊಟ್ಟರೋ ಊರಿಗೆ ಉಪಕಾರವಾಗಲೆಂದು ಕೊಟ್ಟರೋ, ಎರಡೂ ಬೆರೆತಿರುವುದು ದಾನಿಗಳ ಮನಸ್ಸಿನಲ್ಲಿ ಸಾಮಾನ್ಯ.

ಇನ್ನು ಗೋಪುರದ ರೂಪವನ್ನು ನೋಡೋಣ. ಗಡಿಯಾರ ಗೋಪುರವೆಂಬುದು ಬೇರೆ ಗೋಪುರಗಳ ಹಾಗಲ್ಲ. ದೇವಾಲಯದ ಗೋಪುರ ನಮ್ಮನ್ನು ಒಳಕ್ಕೆ ಕರೆಯುತ್ತದೆ. ಕೋಟೆಯ ಬುರುಜು ನಮ್ಮನ್ನು ಹೊರಗಿಡುತ್ತದೆ. ಗಡಿಯಾರ ಗೋಪುರ ಎರಡನ್ನೂ ಮಾಡದು. ಅದರ ಆಕಾರವೆಲ್ಲ ಅದರ ಹೊಟ್ಟೆಯಲ್ಲಿರುವ ಯಂತ್ರದಿಂದ ಬಂದದ್ದು. ಹಳೆಯ ಕಾಲದ ದೊಡ್ಡ ಗಡಿಯಾರಕ್ಕೆ ಶಕ್ತಿ ಬರುತ್ತಿದ್ದುದು ತೂಕದಿಂದ. ಹಗ್ಗಕ್ಕೆ ಕಟ್ಟಿದ ಭಾರವಾದ ಗುಂಡುಗಳು ಮೆಲ್ಲಮೆಲ್ಲನೆ ಕೆಳಕ್ಕೆ ಇಳಿಯುತ್ತ ಹಲ್ಲಿನ ಚಕ್ರಗಳನ್ನು ತಿರುಗಿಸಬೇಕು. ಬಹಳ ಹೊತ್ತು ಇಳಿಯಬೇಕಾದರೆ ಆಳವಾದ ಬಾವಿ ಬೇಕು. ಆ ಬಾವಿಯನ್ನು ನೆಲದ ಮೇಲೆ ನಿಲ್ಲಿಸಿದರೆ ಅದೇ ಗೋಪುರ. ತೂಗಾಡುವ ಲೋಲಕ ಅಲುಗಾಟವನ್ನು ಸಹಿಸದು. ಆದ್ದರಿಂದ ಗೋಡೆ ದಪ್ಪವಾಗಿ, ತಳ ಅಗಲವಾಗಿ ಇರಬೇಕು. ಘಂಟೆಯ ನಾದ ಹೊರಗೆ ಹರಿಯಬೇಕಾದರೆ ಮೇಲಿನ ಅಂತಸ್ತಿನಲ್ಲಿ ಬಾಯಿಗಳು ತೆರೆದಿರಬೇಕು. ಮುಖಫಲಕ ಎಷ್ಟು ದೊಡ್ಡದಿರಬೇಕೆಂಬುದಕ್ಕೂ ಇಂಗ್ಲೆಂಡಿನ ಗಡಿಯಾರದ ಕುಶಲರಲ್ಲಿ ಒಂದು ಲೆಕ್ಕವಿತ್ತು: ನೆಲದಿಂದ ಹತ್ತು ಅಡಿ ಮೇಲೇರಿದಂತೆಲ್ಲ ಫಲಕದ ಅಗಲಕ್ಕೆ ಒಂದೊಂದು ಅಡಿ ಸೇರಬೇಕು. ನೂರಡಿಯ ಮೇಲಿನ ಫಲಕ ಹತ್ತಡಿಯಷ್ಟಾದರೂ ಇರಬೇಕೆಂದಾಯಿತು.

ಈ ಯಂತ್ರದ ಸೂಕ್ಷ್ಮವನ್ನು ತಿಳಿಯಲು ೧೮೫೯ರಲ್ಲಿ ನಡೆಯತೊಡಗಿದ ಲಂಡನ್ನಿನ ಪಾರ್ಲಿಮೆಂಟಿನ ಗಡಿಯಾರವನ್ನು ನೆನೆಯಬಹುದು. ಅದರ ಲೋಲಕದ ಮೇಲೆ ಒಂದು ಹಳೆಯ ಪೆನ್ನಿ ನಾಣ್ಯವನ್ನಿಟ್ಟರೆ ಗಡಿಯಾರ ದಿನಕ್ಕೆ ಒಂದು ಸೆಕೆಂಡಿನ ಐದರಲ್ಲಿ ಎರಡು ಪಾಲಿನಷ್ಟು ಮುಂದೆ ಓಡುತ್ತದೆ. ತೆಗೆದರೆ ಅಷ್ಟೇ ಹಿಂದೆ ಬೀಳುತ್ತದೆ. ಟನ್ನುಗಟ್ಟಲೆ ಕಬ್ಬಿಣವನ್ನು ಒಂದು ಕಾಸಿನ ತೂಕದಿಂದ ತಿದ್ದುವ ಈ ನಯಗಾರಿಕೆಗೆ ಮನೆಯಾಗಿರುವುದೇ ಗೋಪುರದ ಕೆಲಸ. ಉಳಿದದ್ದೆಲ್ಲ ಅಲಂಕಾರ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಸಿಕಂದರಾಬಾದಿನ ಗೋಪುರದ ಗುಣವೂ ಕಾಣುತ್ತದೆ, ಕೊರತೆಯೂ ಕಾಣುತ್ತದೆ. ಚೌಕವಾದ ಮೈ, ತಲೆಯ ಬಳಿ ನಾಲ್ಕು ದಿಕ್ಕಿಗೆ ನಾಲ್ಕು ಮುಖ. ಬಗೆ ಸರಳವಾದದ್ದು, ಮಾಡುವ ಕೆಲಸವನ್ನು ಮರೆಮಾಚದ್ದು. ಯಾವ ರಸ್ತೆಯಿಂದ ಬಂದವನಿಗೂ ಒಂದು ಮುಖ ಎದುರಾಗುತ್ತದೆ. ಕೊರತೆಯೆಂದರೆ, ಅಲಂಕಾರದಲ್ಲಿ ಈ ನೆಲದ್ದೆಂದು ಹೇಳುವಂಥ ಸ್ವಂತದ ಮಾತು ಕಡಿಮೆ. ವಿಕ್ಟೋರಿಯಾ ಕಾಲದ ಇಂಜಿನಿಯರುಗಳು ದಂಡಿನಿಂದ ದಂಡಿಗೆ ಹೊತ್ತು ತಿರುಗಿದ ಮಾದರಿಯದು ಅದು. ಮೂವತ್ತು ಮೈಲಿಗೊಂದು ಬಗೆಯ ಕಲ್ಲು, ಐವತ್ತು ಮೈಲಿಗೊಂದು ಬಗೆಯ ಕೆತ್ತನೆ ಇರುವ ದಖ್ಖನಿನಲ್ಲಿ ನಿಂತೂ ಅದು ದಖ್ಖನಿಗೆ ಕಿವಿಗೊಟ್ಟಂತೆ ಕಾಣುವುದಿಲ್ಲ.

ಇದಕ್ಕೆ ಎದುರಾಗಿ ಮುಂಬಯಿಯ ರಾಜಾಬಾಯಿ ಗೋಪುರವನ್ನು ನಿಲ್ಲಿಸಿ ನೋಡಬಹುದು. ೧೮೬೯ರಲ್ಲಿ ಅಡಿಗಲ್ಲು, ೧೮೭೮ರಲ್ಲಿ ಮುಕ್ತಾಯ, ೨೮೦ ಅಡಿ ಎತ್ತರ. ಪ್ರೇಮಚಂದ್ ರಾಯಚಂದರು ಹಣ ಕೊಟ್ಟು ತಾಯಿಯ ಹೆಸರಿಡಿಸಿದರು. ನಕ್ಷೆ ಬರೆದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಹಿಂದೂಸ್ಥಾನಕ್ಕೆ ಕಾಲಿಟ್ಟವನೇ ಅಲ್ಲ. ಹಾಗಿದ್ದೂ ಗೋಪುರದ ಮೇಲ್ಭಾಗದ ಗೂಡುಗಳಲ್ಲಿ ಪಶ್ಚಿಮ ಭಾರತದ ನಾನಾ ಜಾತಿಜನಗಳ ಇಪ್ಪತ್ತನಾಲ್ಕು ಪ್ರತಿಮೆಗಳು ಬಂದು ನಿಂತವು. ನಕ್ಷೆ ಸಮುದ್ರದಾಚೆಯಿಂದ ಬಂದರೂ ಕೈ ಇಲ್ಲಿಯದಾದುದರಿಂದ ಕಟ್ಟಡಕ್ಕೆ ಇಲ್ಲಿಯ ಮುಖ ಬಂತು. ಸಿಕಂದರಾಬಾದಿನ ಗೋಪುರಕ್ಕೆ ಆ ಭಾಗ್ಯವಿಲ್ಲ. ಆದರೆ ರಾಜಾಬಾಯಿ ಗೋಪುರಕ್ಕೆ ಇಲ್ಲದ ಒಂದು ಭಾಗ್ಯ ಇದಕ್ಕಿದೆ. ಅದು ವಿಶ್ವವಿದ್ಯಾನಿಲಯದ ಗ್ರಂಥಾಲಯದ ಹೆಗಲ ಮೇಲೆ ಎದ್ದದ್ದು. ಇದು ಒಂಟಿಯಾಗಿ, ತೋಟದ ನಡುವೆ, ತನ್ನ ಕಾಲ ಮೇಲೆ ತಾನು ನಿಂತದ್ದು. ಬೇರೆ ಕಟ್ಟಡದ ಆಸರೆಯಿಲ್ಲದ ಗೋಪುರಕ್ಕೆ ಬಯಲೇ ಆಸರೆ. ಮರಗಳ ತಲೆ ಮುಗಿದ ಮೇಲೆ ಅದರ ಮೈ ಆರಂಭವಾದಂತೆ ಕಾಣಬೇಕು. ತಲೆಯೆತ್ತಿ ನೋಡುವವನು ಹಿಂದಕ್ಕೆ ನಾಲ್ಕು ಹೆಜ್ಜೆ ಸರಿಯಲು ಜಾಗವಿರಬೇಕು. ೧೨೦ ಅಡಿಯ ಗೋಪುರವನ್ನು ಅದರ ಬುಡದಲ್ಲಿ ನಿಂತು ನೋಡುವವನಿಗೆ ಕಾಣುವುದು ಗೋಡೆ ಮಾತ್ರ; ಗೋಪುರ ಕಾಣುವುದು ದೂರದಿಂದ.

ಎತ್ತರವೊಂದರಿಂದಲೇ ಗೋಪುರವಾಗುವುದಿಲ್ಲವೆಂಬುದಕ್ಕೆ ನಮ್ಮ ಕಡೆಯ ಸಾಕ್ಷಿಯನ್ನೇ ಕೊಡಬಹುದು. ದೇವಸುಗೂರಿನ ಪಕ್ಕದ ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ೧೯೮೫ರಲ್ಲಿ ನಡೆಯತೊಡಗಿತು. ಅಲ್ಲಿಯ ಚಿಮಣಿಗಳು ಸಿಕಂದರಾಬಾದಿನ ಗೋಪುರಕ್ಕಿಂತ ಎಷ್ಟೋ ಎತ್ತರ. ಕೃಷ್ಣೆಯ ಎರಡು ದಂಡೆಯ ಹೊಲಗಳಿಂದಲೂ ಕಾಣುತ್ತವೆ. ನಾಡಿಗೆ ಬೆಳಕು ಕೊಡುವ ಅವುಗಳನ್ನು ನಾನು ಹೀಗಳೆಯುವುದಿಲ್ಲ. ಆದರೆ ಅವು ನಮ್ಮ ಕಡೆಗೆ ಮುಖ ಮಾಡಿ ನಿಂತವಲ್ಲ. ಅವುಗಳ ಮಾತೇನಿದ್ದರೂ ಆಕಾಶದ ಹೊಗೆಯೊಡನೆ. ಗಡಿಯಾರ ಗೋಪುರವಾದರೋ ದಾರಿಹೋಕನಿಗಾಗಿಯೇ ಮುಖ ಪಡೆದದ್ದು.

ಹೈದರಾಬಾದಿನಲ್ಲಿಯೇ ಇದಕ್ಕೆ ಇಬ್ಬರು ಅಣ್ಣಂದಿರಿದ್ದಾರೆ. ೧೫೯೧ರ ಚಾರ್‌ಮಿನಾರಿನ ನಾಲ್ಕು ದಿಕ್ಕಿಗೂ ೧೮೮೯ರಲ್ಲಿ ಗಡಿಯಾರಗಳನ್ನು ಕೂಡಿಸಿದರು. ಅದು ಹಳೆಯ ಮಹಾಕಾವ್ಯಕ್ಕೆ ಹೊಸಬನು ಸೇರಿಸಿದ ಪದ್ಯದ ಹಾಗಿದೆ. ಪದ್ಯ ಕೆಟ್ಟದ್ದಲ್ಲ, ಕಾವ್ಯ ಅದನ್ನು ಬೇಡಿರಲಿಲ್ಲ, ಅಷ್ಟೆ. ಚಾರ್‌ಮಿನಾರಿನಿಂದ ಕೂಗಳತೆಯ ದೂರದಲ್ಲಿ, ಮಹಬೂಬ್ ಚೌಕದಲ್ಲಿ, ೧೮೯೨ರಲ್ಲಿ ನವಾಬ್ ಆಸ್ಮಾನ್ ಜಾಹ್ ಅವರು ಐದು ಅಂತಸ್ತಿನ ಗಡಿಯಾರ ಗೋಪುರವನ್ನು ತುರ್ಕಿಯ ಮಾದರಿಯಲ್ಲಿ ಕಟ್ಟಿಸಿದರು. ಗಡಿಯಾರಕ್ಕಾಗಿಯೇ ಹುಟ್ಟಿದ ಗೋಪುರವದು. ಸುತ್ತ ಒಂದು ಚಿಕ್ಕ ತೋಟವೂ ಉಂಟು. ರೂಪದಲ್ಲಿ ಅದು ಸಿಕಂದರಾಬಾದಿನದಕ್ಕಿಂತ ಚೆಲುವಾದದ್ದೆಂದು ನನ್ನ ಭಾವನೆ. ಆದರೆ ಪೇಟೆಯ ನೂಕುನುಗ್ಗಲು ಅದನ್ನು ಎಲ್ಲ ಕಡೆಯಿಂದಲೂ ಒತ್ತಿದೆ; ಅದನ್ನು ಪೂರ್ಣವಾಗಿ ಕಾಣುವ ಸ್ಥಳವೇ ವಿರಳ. ಎಂಟು ವರ್ಷಗಳ ಅಂತರದಲ್ಲಿ ಒಂದೇ ಊರಿನ ಮೂರು ಕಡೆ ಗಡಿಯಾರ ಮೇಲೇರಿದ ಬಗೆ ಇದು: ಮೊದಲನೆಯ ಕಡೆ ಹಳೆಯ ಕಟ್ಟಡಕ್ಕೆ ತಗುಲಿಸಿದರು, ಎರಡನೆಯ ಕಡೆ ಗಡಿಯಾರಕ್ಕೆಂದೇ ಕಟ್ಟಡ ಕಟ್ಟಿದರು, ಮೂರನೆಯ ಕಡೆ ಆ ಕಟ್ಟಡಕ್ಕೆ ಉಸಿರಾಡುವಷ್ಟು ಬಯಲನ್ನೂ ಕೊಟ್ಟರು.

ಹೊತ್ತು ಸಾರುವ ಗೋಪುರ ನಮಗೆ ಇಂಗ್ಲಿಷರಿಂದಲೇ ಬಂತೆಂದು ಯಾರೂ ತಿಳಿಯಬೇಕಾಗಿಲ್ಲ. ರಾಯಚೂರಿನ ಏಕ್ ಮಿನಾರ್ ಮಸೀದಿ ೧೫೧೩ರದು, ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲದ್ದು. ಸುಮಾರು ೬೫ ಅಡಿ ಎತ್ತರದ ಒಂಟಿ ಮಿನಾರು. ಬುಡದಿಂದ ತುದಿಗೆ ಹೋದಂತೆಲ್ಲ ಸಣ್ಣಗಾಗುತ್ತದೆ. ಎರಡು ಅಂತಸ್ತು, ಪ್ರತಿಯೊಂದಕ್ಕೂ ಕಿಟಕಿ ಮತ್ತು ಹೊರಚಾಚಿದ ಕಟಾಂಜನ, ಮೇಲೆ ಬಹಮನಿ ರೀತಿಯ ಗುಮ್ಮಟ. ಒಳಗೆ ಸುರುಳಿ ಮೆಟ್ಟಿಲು. ಈ ಮಿನಾರು ಹೊತ್ತನ್ನು ಹೇಳುತ್ತಿದ್ದುದು ಮನುಷ್ಯನ ಕೊರಳಿನಿಂದ. ದಿನಕ್ಕೆ ಐದು ಸಲ ಒಬ್ಬನು ಮೆಟ್ಟಿಲು ಹತ್ತಿ ಬಂದು ಕೂಗಬೇಕು. ಆದ್ದರಿಂದಲೇ ಅದರ ಶಿಲ್ಪದಲ್ಲಿ ಮೆಟ್ಟಿಲು ಮುಖ್ಯ, ಕಿಟಕಿ ಮುಖ್ಯ, ನಿಲ್ಲುವ ಕಟಾಂಜನ ಮುಖ್ಯ. ಮನುಷ್ಯನ ಮೈಯ ಅಳತೆ ಅದರ ಅಂಗಾಂಗದಲ್ಲಿ ಸೇರಿದೆ. ಸಿಕಂದರಾಬಾದಿನ ಗೋಪುರದಲ್ಲಿ ಆ ಜಾಗವನ್ನು ಯಂತ್ರ ತುಂಬಿತು. ಕೀಲಿ ಕೊಡುವವನೊಬ್ಬನನ್ನು ಬಿಟ್ಟರೆ ಯಾರೂ ಅದನ್ನು ಹತ್ತುವ ಅಗತ್ಯವಿಲ್ಲ. ಊರಿಗೆಲ್ಲ ಸೇರಿದ ಕಟ್ಟಡ, ಊರಿನವರಾರೂ ಒಳಗೆ ಹೋಗದ ಕಟ್ಟಡ! ಈ ವಿರೋಧಾಭಾಸದಿಂದ ಅದನ್ನು ಪಾರುಮಾಡಿರುವುದು ಕೆಳಗಿನ ತೋಟ. ಜನ ಒಳಗೆ ಹೋಗಲಾರರು, ಆದರೆ ಅದರ ನೆರಳಿನಲ್ಲಿ ಕುಳಿತುಕೊಳ್ಳಬಲ್ಲರು.

ನೆರಳೆಂದೆನಷ್ಟೆ. ತೋಟದ ನಡುವೆ ಒಂಟಿಯಾಗಿ ನಿಂತ ಗೋಪುರ ಗೊತ್ತಿಲ್ಲದೆಯೇ ಎರಡು ಹೊತ್ತನ್ನು ತೋರಿಸುತ್ತದೆ. ಮುಖಫಲಕದ ಮೇಲಿನ ಹೊತ್ತು ಸರಕಾರದ್ದು. ಹುಲ್ಲಿನ ಮೇಲೆ ಸರಿಯುವ ನೆರಳಿನ ಹೊತ್ತು ಸೂರ್ಯನದು. ಇವೆರಡೂ ಒಂದೇ ಅಲ್ಲ. ನಾವೆಲ್ಲ ಇಂದು ಅನುಸರಿಸುವ ಭಾರತೀಯ ಕಾಲ ೧೯೦೬ರ ಜನವರಿ ೧ರಿಂದ ಬಂದದ್ದು. ಅದು ೮೨ೂವರೆ ಡಿಗ್ರಿ ರೇಖಾಂಶದ ಕಾಲ. ಹೈದರಾಬಾದಿನ ಸೂರ್ಯ ಅದಕ್ಕಿಂತ ಸರಾಸರಿ ಹದಿನಾರು ನಿಮಿಷ ತಡವಾಗಿ ನೆತ್ತಿಗೆ ಬರುತ್ತಾನೆ, ರಾಯಚೂರಿನ ಸೂರ್ಯ ಇಪ್ಪತ್ತು ನಿಮಿಷಕ್ಕೂ ತುಸು ತಡವಾಗಿ. ವರ್ಷಕ್ಕೆರಡು ಸಲ, ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ, ಹೈದರಾಬಾದಿನಲ್ಲಿ ನಡುಹಗಲ ನೆರಳು ಕಾಲಡಿಗೆ ಸೇರಿಬಿಡುತ್ತದೆ. ಆ ಗಳಿಗೆಯಲ್ಲಿ ನೂರಿಪ್ಪತ್ತು ಅಡಿಯ ಗೋಪುರಕ್ಕೂ ಹೇಳಿಕೊಳ್ಳುವಂಥ ನೆರಳಿಲ್ಲ.

೧೯೦೬ಕ್ಕೆ ಮೊದಲು ರೈಲಿನವರು ಮದ್ರಾಸಿನ ಕಾಲವನ್ನು ಹಿಡಿದು ಗಾಡಿ ನಡೆಸುತ್ತಿದ್ದರು. ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ ೧೮೭೧ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿಯೇ. ಮುಂಬಯಿಯ ಹೊತ್ತು ಮದ್ರಾಸಿನದಕ್ಕಿಂತ ಅರ್ಧ ಗಂಟೆ ಹಿಂದೆ. ಗಾಡಿಗೆ ಬೇಕಾದದ್ದು ಒಂದೇ ಕಾಲ. ಊರಿಗೆ ಇದ್ದದ್ದು ತನ್ನದೇ ಕಾಲ. ಅರುವತ್ತು ಗಳಿಗೆಯ ದಿನ, ಎಂಟು ಜಾವದ ದಿನ ನಮ್ಮ ಹಿರಿಯರದು. ಗಳಿಗೆಯೆಂದರೆ ಇಪ್ಪತ್ತನಾಲ್ಕು ನಿಮಿಷ. ನೀರಿನಲ್ಲಿ ತೇಲಿಬಿಟ್ಟ ತೂತಿನ ಬಟ್ಟಲು ತುಂಬಿ ಮುಳುಗುವಷ್ಟು ಹೊತ್ತು. ಗಡಿಯಾರ ಎಂಬ ಮಾತಿನೊಳಗೇ ಆ ಘಟಿಕೆ ಅಡಗಿದೆ. ಗೋಪುರಗಳು ಎದ್ದಾಗ ಬದಲಾದದ್ದು ಊರಿನ ನೋಟವೊಂದೇ ಅಲ್ಲ, ದಿನದ ಎಣಿಕೆಯೇ ಬದಲಾಯಿತು. ಅದುವರೆಗೆ ಹೊತ್ತು ಕೇಳಬೇಕಾದರೆ ಪಂಚಾಂಗದವರನ್ನೋ ಮಸೀದಿಯ ಮುಲ್ಲಾ ಸಾಹೇಬರನ್ನೋ ಕೇಳಬೇಕಿತ್ತು. ಇನ್ನು ಮುಂದೆ ಯಾರನ್ನೂ ಕೇಳಬೇಕಾಗಿಲ್ಲ. ಕೂಲಿಯವನೂ ತಲೆಯೆತ್ತಿ ನೋಡಿ, ತನ್ನ ಕೆಲಸದ ಹೊತ್ತು ಮುಗಿದಿದೆಯೆಂದು ಧಣಿಗೆ ಹೇಳಬಲ್ಲ. ದಂಡಿನ ಶಿಸ್ತಿಗಾಗಿ ಎದ್ದ ಗಡಿಯಾರ ಹೀಗೆ ಬಡವನ ಕೈಗೂ ಒಂದು ಸಾಕ್ಷಿಯನ್ನು ಕೊಟ್ಟಿತು. ಪರಕೀಯರು ಕಟ್ಟಿದ್ದೆಂಬ ಒಂದೇ ಕಾರಣದಿಂದ ಇದನ್ನು ಹಳಿಯುವವರೂ, ದೊರೆಗಳ ಕಾಲದ ವೈಭವವೆಂದು ಇದನ್ನು ಹೊಗಳುವವರೂ ಈ ಸಾಕ್ಷಿಯನ್ನು ಮರೆಯುತ್ತಾರೆ.

ಪರಕೀಯವಾದ ರೂಪ ನಮ್ಮದಾಗಬಲ್ಲುದೆ ಎಂಬ ಪ್ರಶ್ನೆಗೆ ಮೈಸೂರು ಉತ್ತರ ಕೊಟ್ಟಿದೆ. ಲಾರ್ಡ್ ಡಫರಿನ್ ಬಂದುಹೋದ ನೆನಪಿಗೆ ೧೮೮೬ರಲ್ಲಿ ದೇವರಾಜ ಮಾರುಕಟ್ಟೆಯ ಮುಂದೆ ಬಂದದ್ದು ಚಿಕ್ಕ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಅರಮನೆಯ ನೌಕರರು ೧೯೨೭ರಲ್ಲಿ ಎತ್ತಿಸಿದ್ದು ದೊಡ್ಡ ಗಡಿಯಾರ, ೭೫ ಅಡಿ. ಈ ಎರಡನೆಯದರ ಮುಖಫಲಕದಲ್ಲಿ ಅಂಕಿಗಳು ಕನ್ನಡದವು. ಇದು ಸಣ್ಣ ಮಾತಲ್ಲ. ಯಂತ್ರ ಹೊರಗಿನದೇ, ಗೋಪುರದ ಕಲ್ಪನೆಯೂ ಹೊರಗಿನದೇ. ಆದರೆ ಹೊತ್ತು ಓದುವವನ ಕಣ್ಣು ಇಲ್ಲಿಯದೆಂಬುದನ್ನು ಅಂಕಿಗಳು ಒಪ್ಪಿಕೊಂಡಿವೆ. ಮುಂಬಯಿಯಲ್ಲಿ ಇಪ್ಪತ್ತನಾಲ್ಕು ಪ್ರತಿಮೆಗಳು ಮಾಡಿದ ಕೆಲಸವನ್ನು ಮೈಸೂರಿನಲ್ಲಿ ಹನ್ನೆರಡು ಅಂಕಿಗಳು ಮಾಡಿದವು.

ಸಿಕಂದರಾಬಾದಿನ ಗೋಪುರ ನಮ್ಮವರದಾದದ್ದು ಬೇರೆ ದಾರಿಯಿಂದ. ಅದರ ಮುಖದಲ್ಲಿ ಬದಲಾವಣೆಯಾಗಲಿಲ್ಲ, ಕಾಲಬುಡದಲ್ಲಿ ಆಯಿತು. ೧೯೬೯ರ ತೆಲಂಗಾಣ ಚಳವಳಿಯಲ್ಲಿ ಮಡಿದವರ ನೆನಪಿನ ಸ್ತಂಭಕ್ಕೆ ಜಾಗ ಸಿಕ್ಕಿದ್ದು ಇದೇ ತೋಟದಲ್ಲಿ. ದಂಡಿನ ಅಧಿಕಾರಿಗಳ ಏಳಿಗೆಯನ್ನು ಕೊಂಡಾಡಲು ಮೀಸಲಾದ ನೆಲ, ಗುಂಡಿಗೆ ಬಲಿಯಾದ ಹುಡುಗರನ್ನು ನೆನೆಯುವ ನೆಲವಾಯಿತು. ಗೋಪುರವೊಂದೇ ಇದ್ದು ತೋಟವಿಲ್ಲದಿದ್ದರೆ ಈ ಮಾರ್ಪಾಟಿಗೆ ಎಡೆಯೆಲ್ಲಿತ್ತು? ಕಲ್ಲುಗೋಡೆ ತನ್ನ ಅರ್ಥವನ್ನು ಬೇಗ ಬದಲಿಸದು, ಬಯಲು ಬದಲಿಸುತ್ತದೆ.

ಒಂದು ಆಕ್ಷೇಪಣೆಯನ್ನು ಮಾತ್ರ ನಾನು ಹಿಂದಕ್ಕೆ ತೆಗೆದುಕೊಳ್ಳಲಾರೆ. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದವಾದ ಒಂದು ಬಂಡೆಯಿದೆ. ಅದರ ಮೇಲೆ ೧೨೯೪ರ ಶಾಸನ. ಪಕ್ಕದಲ್ಲಿಯೇ ಆ ಬಂಡೆಯನ್ನು ಬಂಡಿಯ ಮೇಲೆ ಹೇರಿ ಎಳೆದು ತರುವ ಚಿತ್ರವನ್ನು ಕೊರೆದಿದ್ದಾರೆ. ಕಟ್ಟಿಸಿದವರ ಹೆಸರಿನ ಜೊತೆಗೆ ಎಳೆದವರ ಬೆವರೂ ಗೋಡೆಯ ಮೇಲೆ ಉಳಿಯಿತು. ಆರುನೂರು ವರ್ಷಗಳ ಮೇಲೆ ಎದ್ದ ಗಡಿಯಾರ ಗೋಪುರದ ಚರಿತ್ರೆಯಲ್ಲಿ ಉದ್ಘಾಟಿಸಿದವರ ಹೆಸರು ಬಂತು, ದಾನ ಕೊಟ್ಟವರ ಹೆಸರು ಬಂತು. ೧೨೦ ಅಡಿಯವರೆಗೆ ಕಲ್ಲು ಗಾರೆ ಹೊತ್ತ ಜನರಿಗೆ ಒಂದು ಗೆರೆಯಷ್ಟು ಚಿತ್ರವೂ ದೊರೆಯಲಿಲ್ಲ. ವಿಕ್ಟೋರಿಯಾ ಕಾಲದ ಶಿಲ್ಪದ ದೊಡ್ಡ ದೋಷ ಇದೇ ಎಂದು ನನ್ನ ಅಭಿಪ್ರಾಯ. ಅದಕ್ಕೆ ಕಾಲದ ನೆನಪಿತ್ತು, ಕೈಯ ನೆನಪಿರಲಿಲ್ಲ.

ಇಷ್ಟು ದೋಷವನ್ನು ಎಣಿಸಿದ ಮೇಲೂ ಈ ಗೋಪುರ ಉಳಿಯಲೇಬೇಕೆಂದು ನಾನು ಹೇಳುತ್ತೇನೆ. ರಸ್ತೆ ಅಗಲಿಸುವುದಕ್ಕಾಗಿ ಇದನ್ನು ಕೆಡವಬೇಕೆಂಬ ಮಾತು ೨೦೦೩ರಲ್ಲಿ ಎದ್ದಿತ್ತು. ಗಡಿಯಾರವೂ ವರ್ಷಗಟ್ಟಲೆ ನಿಂತುಹೋಗಿತ್ತು. ಊರಿಗೆ ಇನ್ನೂರು ವರ್ಷ ತುಂಬಿದ ೨೦೦೬ರ ಹೊತ್ತಿಗೆ ತೋಟವನ್ನೂ ಗೋಪುರವನ್ನೂ ದುರಸ್ತಿ ಮಾಡಿದರು. ಕೆಡವಿದ್ದರೆ ಏನಾಗುತ್ತಿತ್ತೆಂಬುದನ್ನು ಮಂಗಳೂರಿನವರು ಹೇಳಬಲ್ಲರು. ಹಂಪನಕಟ್ಟೆಯ ಗಡಿಯಾರ ಗೋಪುರವನ್ನು ಸಂಚಾರಕ್ಕೆ ಅಡ್ಡಿಯೆಂದು ಕೆಡವಿದರು. ಎ‌ರಡು ದಶಕಗಳ ಮೇಲೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅದೇ ಎಡೆಯಲ್ಲಿ ಹೊಸ ಗೋಪುರವನ್ನು ಕಟ್ಟಿದರು. ಕಳೆದುಕೊಂಡ ಮೇಲೆ ಬೇಕೆನಿಸುವುದು ಮನುಷ್ಯಸ್ವಭಾವ. ಆದರೆ ಹೊಸದಾಗಿ ಕಟ್ಟಿದ ಹಳೆಯ ಗೋಪುರವೆಂಬುದು ಎಲ್ಲಿಯೂ ಇಲ್ಲ. ಕೆಡವದೆ ಸುಮ್ಮನೆ ಬಿಟ್ಟರೂ ಸಾಲದೆಂಬುದನ್ನು ಮೈಸೂರು ಕಲಿತಿದೆ. ಚಿಕ್ಕ ಗಡಿಯಾರದ ಆಸುಪಾಸಿನಲ್ಲಿಯೇ ೨೦೧೨ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ೨೦೧೬ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಹಳೆಯ ಕಟ್ಟಡವನ್ನು ಹೊಗಳುವವರು ಅದರ ಬಿರುಕನ್ನೂ ನೋಡುವವರಾಗಿರಬೇಕು.

ಎಲ್ಲರ ಜೇಬಿನಲ್ಲಿಯೂ ಹೊತ್ತು ತೋರಿಸುವ ಮೊಬೈಲು ಇರುವಾಗ ಊರಿನ ಗಡಿಯಾರವೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಮನೆಮನೆಯಲ್ಲಿಯೂ ನಲ್ಲಿಯಿದ್ದರೆ ಊರ ಕೆರೆಯೇಕೆ ಎಂಬ ಪ್ರಶ್ನೆಯ ಹಾಗೆ ಇದಕ್ಕೂ ಉತ್ತರವಿದೆ. ಜೇಬಿನ ಹೊತ್ತನ್ನು ನೋಡಲು ನಾವು ತಲೆ ತಗ್ಗಿಸುತ್ತೇವೆ, ಒಬ್ಬೊಬ್ಬರೇ ನೋಡುತ್ತೇವೆ. ಗೋಪುರದ ಹೊತ್ತನ್ನು ನೋಡಲು ತಲೆ ಎತ್ತುತ್ತೇವೆ, ಪಕ್ಕದಲ್ಲಿರುವ ಅಪರಿಚಿತನೂ ಅದನ್ನೇ ನೋಡುತ್ತಾನೆ. ರಾಯಚೂರಿನಲ್ಲಿ ತೀನ್ ಕಂದೀಲಿನ ಬಳಿ ಸಿಗುತ್ತೇನೆಂದು ಹೇಳುವವನು ಕಂದೀಲಿನ ಬೆಳಕಿಗಾಗಿ ಅಲ್ಲಿ ಸಿಗುವುದಿಲ್ಲ. ಇಬ್ಬರಿಗೂ ಗೊತ್ತಿರುವ ಒಂದು ಗುರುತು ಬೇಕು, ಅದಕ್ಕಾಗಿ. ಊರೆಂಬುದು ಇಂತಹ ಗುರುತುಗಳಿಂದ ಆಗಿದೆ.

ಆದರೆ ಗುರುತಾಗಿ ಉಳಿದರೆ ಸಾಕು, ಗಡಿಯಾರ ನಡೆಯಲಿ ಬಿಡಲಿ ಎನ್ನುವವರ ಪಕ್ಷವನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ದುರಸ್ತಿಯೆಂದರೆ ಬಣ್ಣ ಬಳಿಯುವುದು, ದೀಪದ ಸರ ಬಿಡುವುದು, ಕಾರಂಜಿ ಇಡುವುದು. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಒಳಗೊಳಗೇ ಕೊರಗುತ್ತದೆಂಬುದನ್ನು ಮೇಸ್ತ್ರಿಗಳು ಬಲ್ಲರು. ಗುತ್ತಿಗೆಯ ಕಾಗದ ಬರೆಯುವವರು ಬಲ್ಲವರಂತೆ ಕಾಣುವುದಿಲ್ಲ. ಗಡಿಯಾರದ ಚಕ್ರಗಳಿಗೆ ಎಣ್ಣೆ ಹಾಕುವ ಒಬ್ಬ ಕುಶಲನಿಗೆ ತಿಂಗಳ ಸಂಬಳ ಗೊತ್ತುಮಾಡುವುದು ಹತ್ತು ವರ್ಷಕ್ಕೊಮ್ಮೆ ಬಣ್ಣ ಬಳಿಸುವುದಕ್ಕಿಂತ ಅಗ್ಗ. ನಾಲ್ಕು ಮುಖ ನಾಲ್ಕು ಹೊತ್ತು ತೋರಿಸುವ ಗಡಿಯಾರ ಊರಿನ ಮಕ್ಕಳಿಗೆ ಏನನ್ನು ಕಲಿಸುತ್ತದೆ? ಸಾರ್ವಜನಿಕವಾದ ಮಾತು ಸುಳ್ಳಾಗಿದ್ದರೂ ನಡೆಯುತ್ತದೆಂಬುದನ್ನು. ಅದಕ್ಕಿಂತ ಕೆಟ್ಟ ಪಾಠ ಬೇರೊಂದಿಲ್ಲ.

ಆದುದರಿಂದ ಸಿಕಂದರಾಬಾದಿನಲ್ಲಾಗಲಿ ಮೈಸೂರಿನಲ್ಲಾಗಲಿ ಇಂತಹ ಗೋಪುರಗಳನ್ನು ಕಾಯುವ ಹೊಣೆ ಹೊತ್ತವರಿಗೆ ನಾನು ಹೇಳುವುದು ಎರಡೇ ಮಾತು. ಮುಳ್ಳು ನಡೆಯಲಿ, ಸುತ್ತಲಿನ ಬಯಲಿನಿಂದ ಒಂದು ಗೇಣು ನೆಲವೂ ಅಂಗಡಿಗೋ ರಸ್ತೆಗೋ ಹೋಗದಿರಲಿ. ಕೆತ್ತನೆ ಸಾಧಾರಣವಾಗಿದ್ದರೂ ಈ ಎರಡು ಇದ್ದರೆ ಗೋಪುರಕ್ಕೆ ಕಳೆಯುಂಟು. ಈ ಎರಡು ಹೋದ ದಿನ ಉಳಿಯುವುದು ರಸ್ತೆಗಳ ನಡುವಿನ ನೂರಿಪ್ಪತ್ತು ಅಡಿಯ ಗೋಡೆ ಮಾತ್ರ, ಅದನ್ನು ಆಗ ಉಳಿಸಿದರೂ ಒಂದೇ ಕೆಡವಿದರೂ ಒಂದೇ.